ರಾಯಚೂರಿನ ನಮ್ಮ ನರ್ಸಿಂಗ್ ಹೋಮ್‌ಗೆ ಇನ್‌ಚಾರ್ಜ್ ಸಿಸ್ಟರ್ ಬೇಕು. ಇರುವವರಲ್ಲಿ ಯಾರನ್ನು ಆರಿಸಬೇಕು?

ಸರ್ವಿಸ್ ಜಾಸ್ತಿ ಇದೆ ಅಂತ ಸುಮ್ನೆ ಹಿರಿಯರಿಗೆ ಕೊಟ್ಟುಬಿಡಬೇಡಿ. ಸಿಗದ ನರಕ್ಕೂ ಒಂದೇ ಸಲಕ್ಕೆ ಐವಿ ಹಾಕುವ ಸಿಸ್ಟರ್ ಬೇರೆ, ವಾರ್ಡ್ ನಡೆಸುವ ಸಿಸ್ಟರ್ ಬೇರೆ.

ಇಂಟರ್‌ವ್ಯೂ ಆಮೇಲಿರಲಿ, ಶಿಫ್ಟ್ ಬದಲಾಗುವ ಹೊತ್ತಿಗೆ ವಾರ್ಡಿನಲ್ಲಿ ನಿಂತು ನೋಡಿ. ಒಳ್ಳೆಯವರು ಹ್ಯಾಂಡೋವರನ್ನು ಮಂಚದ ಪಕ್ಕದಲ್ಲೇ ಕೊಡುತ್ತಾರೆ: ಯಾವ ಆಂಟಿಬಯಾಟಿಕ್ ಎಷ್ಟು ಗಂಟೆಗೆ ಹೋಯಿತು, ಯೂರಿನ್ ಎಷ್ಟಾಯಿತು, ಯಾವ ರಿಪೋರ್ಟ್ ಬರಬೇಕು. ಕೌಂಟರ್‌ನಲ್ಲಿ ಕೂತು "ಎಲ್ಲಾ ನಾರ್ಮಲ್" ಅನ್ನುವವರನ್ನು ಬಿಡಿ.

ಆಮೇಲೆ ಮುಂದಿನ ತಿಂಗಳ ಡ್ಯೂಟಿ ಚಾರ್ಟ್ ಹಾಕಲು ಕೊಡಿ. ಒಬ್ಬರು ಹೆರಿಗೆ ರಜೆಯಲ್ಲಿದ್ದಾರೆ, ಇನ್ನೊಬ್ಬರಿಗೆ ಊರಲ್ಲಿ ಜಾತ್ರೆ ಅಂದುಕೊಳ್ಳಿ. ನೈಟ್ ಡ್ಯೂಟಿಯೆಲ್ಲ ಹೊಸ ಹುಡುಗಿಯರ ತಲೆಗೇ ಬಿದ್ದರೆ ಉತ್ತರ ಸಿಕ್ಕಿತು, ಅಲ್ವಾ?

ನಾನು ಜಾಸ್ತಿ ತೂಕ ಕೊಡುವುದು ಒಂದು ಪ್ರಶ್ನೆಗೆ: "ಜೂನಿಯರ್ ತಪ್ಪು ಡೋಸ್ ಕೊಟ್ಟಳು. ಏನು ಮಾಡ್ತೀರಿ?" ಮೊದಲು ರೋಗಿಯನ್ನು ನೋಡಿ, ಡಾಕ್ಟರಿಗೆ ಹೇಳಿ, ನಡೆದದ್ದನ್ನು ನಡೆದ ಹಾಗೆ ಬರೆದಿಡ್ತೀನಿ ಅಂದರೆ ಸರಿ. "ಎಲ್ಲರೆದುರು ಬೈತೀನಿ" ಅಂದರೆ ಬೇಡ. ಅಂಥವರ ವಾರ್ಡಿನಲ್ಲಿ ತಪ್ಪು ಕಡಿಮೆಯಾಗುವುದಿಲ್ಲ, ಹೇಳುವವರು ಕಡಿಮೆಯಾಗುತ್ತಾರೆ. ಸೀನಿಯರ್ ಡಾಕ್ಟರ್ ಕೊಟ್ಟ ಆರ್ಡರ್ ಸ್ಪಷ್ಟವಿಲ್ಲದಿದ್ದರೆ ತಿರುಗಿ ಕೇಳುವ ಧೈರ್ಯವೂ ಇರಬೇಕು.

ನಮ್ಮ ಕಡೆ ಕನ್ನಡದ ಜೊತೆ ತೆಲುಗು, ಉರ್ದು ಬಂದರೆ ರೋಗಿಯ ಕಡೆಯವರೊಂದಿಗೆ ಅರ್ಧ ಜಗಳ ತಪ್ಪುತ್ತದೆ.

ಖಾಯಂ ಮಾಡುವ ಮೊದಲು ಒಂದೆರಡು ತಿಂಗಳು ಪ್ರಭಾರ ಕೊಟ್ಟು ನೋಡಿ. ಆದರೆ ಆಗ ಎಲ್ಲರಷ್ಟೇ ಬೆಡ್ ಅವರಿಗೂ ಹಚ್ಚಬೇಡಿ. ಇಡೀ ದಿನ ಇಂಜೆಕ್ಷನ್ ಹಿಡಿದು ಓಡುವವರು ವಾರ್ಡನ್ನು ನೋಡಿಕೊಳ್ಳುವುದು ಯಾವಾಗ?