ರಿಪೋರ್ಟ್ ನಾರ್ಮಲ್, ಮತ್ತೆ ಯಾಕಿಷ್ಟು ಬಾಯಾರಿಕೆ?

ಪ್ರಶ್ನೆ: ನನ್ನ ಮಗನಿಗೆ 6 ವರ್ಷ. ಹುಟ್ಟಿದಾಗ ಎರಡೂ ಪಾದಗಳಲ್ಲಿ ಆರಾರು ಬೆರಳಿದ್ದವು. ತೂಕ ಜಾಸ್ತಿ. ಮಂದ ಬೆಳಕಿನಲ್ಲಿ ತಡವರಿಸುತ್ತಾನೆ. ಜೀನ್ ಪರೀಕ್ಷೆಯಲ್ಲಿ ಬಾರ್ಡೆ-ಬೀಡ್ಲ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ ಅಪರೂಪದ ಜೀನ್ ಕಾಯಿಲೆ) ಎಂದು ಬಂತು. ಈಗ ರಾತ್ರಿ ನಾಲ್ಕೈದು ಸಲ ಎದ್ದು ನೀರು ಕೇಳುತ್ತಾನೆ, ಹಾಸಿಗೆ ಒದ್ದೆ ಮಾಡುತ್ತಾನೆ. ಸಂಜೆಯ ಮೇಲೆ ನೀರು ಕೊಡಬೇಡ ಅಂತಾರೆ ಮನೆಯವರು. ಕಿಡ್ನಿಗೆಂದು ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.9, ನಾರ್ಮಲ್ ಅಂದರು. ಎತ್ತರ 110 ಸೆಂ.ಮೀ. ಸುಮ್ಮನಿರಬಹುದಾ?

ಉತ್ತರ: ಸುಮ್ಮನಿರಬೇಡಿ. ನೀರನ್ನೂ ನಿಲ್ಲಿಸಬೇಡಿ. ನೀರು ಜಾಸ್ತಿ ಕುಡಿದು ಮೂತ್ರ ಜಾಸ್ತಿ ಆಗುತ್ತಿದೆ ಎಂದು ಮನೆಯವರು ತಿಳಿದಿದ್ದಾರೆ. ಈ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾಗಿ ಆಗುವುದು ಉಲ್ಟಾ. ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕಿಡ್ನಿಗೆ ಕಮ್ಮಿ ಇರುತ್ತದೆ. ನೀರು ಹೊರಗೆ ಹೋಗುತ್ತಲೇ ಇರುತ್ತದೆ, ಅದಕ್ಕೇ ಬಾಯಾರಿಕೆ. ಕೊಡದಿದ್ದರೆ ಹಾಸಿಗೆ ಒಣಗುವುದಿಲ್ಲ, ಮಗು ಒಣಗುತ್ತದೆ. ಇಂಥ ಮಕ್ಕಳಿಗೆ ಸಕ್ಕರೆ ಕಾಯಿಲೆಯೂ ಬರಬಹುದು. ಅದನ್ನೂ ಈ ವಾರವೇ ನೋಡಿಸಿ.

ಇನ್ನು ಆ 0.9. ಎತ್ತರ ಬರೆದು ಒಳ್ಳೆಯದು ಮಾಡಿದಿರಿ, ಹೆಚ್ಚಿನವರು ಬರೆಯುವುದಿಲ್ಲ. ಕ್ರಿಯಾಟಿನಿನ್ ಎಂಬ ಕಸ ಬರುವುದು ಮಾಂಸಖಂಡದಿಂದ, ಅದನ್ನು ಸೋಸಿ ಹೊರಹಾಕುವುದು ಕಿಡ್ನಿ. ಪುಟ್ಟ ಮಗುವಿನಲ್ಲಿ ಮಾಂಸಖಂಡ ಎಷ್ಟಿರುತ್ತದೆ? ದೊಡ್ಡವರಲ್ಲಿ 0.9 ಸಹಜ. ಈ ವಯಸ್ಸಿಗೆ ಅದು ಜಾಸ್ತಿ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ನಾವು ಹೀಗೆ ಲೆಕ್ಕ ಹಾಕುತ್ತೇವೆ: 0.413 ಅನ್ನು ಎತ್ತರದಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸುವುದು. ನಿಮ್ಮ ಮಗನಿಗೆ ಸುಮಾರು 50 ಬರುತ್ತದೆ. 90ರ ಮೇಲಿರಬೇಕಿತ್ತು. ಲ್ಯಾಬಿನ ಕಾಗದದಲ್ಲಿ ದೊಡ್ಡವರ ಮಿತಿಯನ್ನೇ ಅಚ್ಚು ಹಾಕಿದ್ದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಇಂಥ ರಿಪೋರ್ಟ್ ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಇರಲಿ.

ಒಂದೇ ಪರೀಕ್ಷೆ ನಂಬಿ ಗಾಬರಿಯಾಗಬೇಡಿ. ಮಕ್ಕಳ ಕಿಡ್ನಿ ತಜ್ಞರ ಹತ್ತಿರ ಬೇಗ ಹೋಗಿ. ಅವರು ರಕ್ತ ಪರೀಕ್ಷೆ ಇನ್ನೊಮ್ಮೆ ಮಾಡಿಸುತ್ತಾರೆ, ಮೂತ್ರದಲ್ಲಿ ಪ್ರೋಟೀನ್ ಇದೆಯಾ ನೋಡುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ. ಬಿಪಿ ನೋಡುವಾಗ ತೋಳಿಗೆ ಸರಿಹೊಂದುವ ಪಟ್ಟಿಯನ್ನೇ ಕಟ್ಟಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಜ್ವರಕ್ಕೆ ಐಬುಪ್ರೊಫೆನ್ ಬೇಡ. ವಾಂತಿಭೇದಿ ಶುರುವಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಲ್ಲಿಯವರೆಗೆ ಅವನ ಹಾಸಿಗೆ ಪಕ್ಕ ನೀರಿನ ಬಾಟಲಿ ಇಡಿ. ಕತ್ತಲಲ್ಲಿ ಅವನಿಗೆ ಸರಿಯಾಗಿ ಕಾಣುವುದಿಲ್ಲ ಅಲ್ವಾ, ಬಚ್ಚಲಮನೆಯವರೆಗೂ ರಾತ್ರಿಯೆಲ್ಲ ದೀಪ ಉರಿಯಲಿ.