ಅಜ್ಜನ ಟ್ರಂಕಿನಲ್ಲಿ ಸಿಕ್ಕ ಹಳೆಯ ನೋಟುಗಳ ಬೆಲೆ ತಿಳಿಯುವುದು ಹೇಗೆ?

ಕಲಬುರಗಿಯಲ್ಲಿ ಅಂಗಡಿ ಇಟ್ಟಿದ್ದ ಅಜ್ಜನ ಟ್ರಂಕಿನಲ್ಲಿ ಜಾರ್ಜ್ ದೊರೆಯ ಚಿತ್ರವಿರುವ ಹತ್ತು ರೂಪಾಯಿಯ ಎರಡು ನೋಟು, ಒಂದು ರೂಪಾಯಿಯ ಕೆಲವು ಹಳೆಯ ನೋಟು, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿಯ ಒಂದು ಕಟ್ಟು ಸಿಕ್ಕಿವೆ ಎಂದಿದ್ದೀರಿ. ಟ್ರ್ಯಾಕ್ಟರ್ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇನೆ ಎಂದು ಕರೆ ಮಾಡಿದವನನ್ನು ನಂಬಬಹುದೇ ಎಂದೂ ಕೇಳಿದ್ದೀರಿ.

ದಯವಿಟ್ಟು ನಂಬಬೇಡಿ. ಇಂಥವರು ಮೊದಲು ನೋಂದಣಿ ಶುಲ್ಕ ಎನ್ನುತ್ತಾರೆ, ಆಮೇಲೆ ತೆರಿಗೆ ಎನ್ನುತ್ತಾರೆ. ಹಣ ಹೋಗುವುದು ನಿಮ್ಮ ಕೈಯಿಂದಲೇ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆಯನ್ನೇ ಕೊಟ್ಟಿತ್ತು. ಟ್ರ್ಯಾಕ್ಟರ್ ನೋಟು ಹೇರಳವಾಗಿ ಅಚ್ಚಾದದ್ದು, ಇಂದಿಗೂ ಸುಲಭವಾಗಿ ಸಿಗುತ್ತದೆ.

ನೋಟು ಎಷ್ಟು ಹಳೆಯದು ಎಂಬುದಕ್ಕಿಂತ ಅದರ ಮೇಲೆ ಯಾರ ಸಹಿ ಇದೆ ಎಂಬುದು ಮುಖ್ಯ. ನಿಮ್ಮ ಹತ್ತು ರೂಪಾಯಿಯ ನೋಟುಗಳನ್ನೇ ನೋಡಿ. 1938ರಲ್ಲಿ ರಿಸರ್ವ್ ಬ್ಯಾಂಕ್ ತನ್ನ ಮೊದಲ ನೋಟುಗಳನ್ನು ಹೊರತಂದಾಗ ಅವುಗಳ ಮೇಲಿದ್ದುದು ಆಗಿನ ಗವರ್ನರ್ ಜೆ.ಬಿ. ಟೇಲರ್ ಸಹಿ. ಆನಂತರದವು ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್ ಅವರವು. ಚಿತ್ರ ಒಂದೇ ಎನಿಸಿದರೂ ಟೇಲರ್ ನೋಟು ಸಿಗುವುದು ಕಷ್ಟ, ಹಾಗಾಗಿ ಬೆಲೆಯೂ ಹೆಚ್ಚು. ಒಂದು ರೂಪಾಯಿಯ ನೋಟಿನಲ್ಲಿ ಗವರ್ನರ್ ಸಹಿ ಹುಡುಕಬೇಡಿ. ಅದು ಸರ್ಕಾರದ ನೋಟು, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಅಶೋಕ ಸ್ತಂಭವಿರುವ, ಕೆ.ಆರ್.ಕೆ. ಮೆನನ್ ಸಹಿಯ 1949ರ ನೋಟು ಸಿಕ್ಕರೆ ಅದನ್ನು ಬೇರೆಯಾಗಿ ಎತ್ತಿಡಿ.

ಇನ್ನು ನೋಟಿನ ಸ್ಥಿತಿ. ಬೆಲೆಯನ್ನು ಹತ್ತು ಪಟ್ಟು ಏರಿಸುವುದೂ ಇಳಿಸುವುದೂ ಇದೇ. ಬೆಳಿಗ್ಗೆ ಕಿಟಕಿಯ ಪಕ್ಕ ನಿಂತು, ನೋಟನ್ನು ಓರೆಯಾಗಿ ಹಿಡಿದು ನೋಡಿ. ನೇರವಾಗಿ ನೋಡುವಾಗ ಕಾಣದ ಮಡಿಕೆ ಆಗ ಗೆರೆಯಾಗಿ ಏಳುತ್ತದೆ. ನಡುವೆ ಎಷ್ಟು ಮಡಿಕೆ, ಮೂಲೆಗಳು ಚೂಪಾಗಿವೆಯೇ, ಅಂಚು ಹರಿದಿದೆಯೇ ಎಂದು ಬರೆದುಕೊಳ್ಳಿ. ಎಡಬದಿಯ ಪಿನ್ನಿನ ತೂತುಗಳಿಗೆ ಗಾಬರಿಯಾಗಬೇಡಿ. ಆಗ ಬ್ಯಾಂಕುಗಳು ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದವು. 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಲು ಹೇಳಿತು. ಉಳಿದಂತೆ ಗರಿಗರಿಯಾಗಿರುವ ನೋಟಿನಲ್ಲಿ ಆ ತೂತುಗಳನ್ನು ಸಂಗ್ರಾಹಕರು ಹೆಚ್ಚಾಗಿ ಒಪ್ಪಿಕೊಳ್ಳುತ್ತಾರೆ.

ಒಪ್ಪಿಕೊಳ್ಳದೇ ಇರುವುದು ತೊಳೆದ ನೋಟನ್ನು. ಕಾಲೇಜಿನ ದಿನಗಳಲ್ಲಿ ನನಗೆ ಐದನೇ ಜಾರ್ಜ್ ಚಿತ್ರದ ಒಂದು ರೂಪಾಯಿ ಸಿಕ್ಕಿತ್ತು. ಕೊಳೆ ಹೋಗಲೆಂದು ತಣ್ಣೀರಿನಲ್ಲಿ ಅದ್ದಿ, ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಮಾಡಿದೆ. ಆಮೇಲೆ ಮಾರಲು ಒಯ್ದಾಗ ಹಳೆಯ ನೋಟಿನ ವ್ಯಾಪಾರಿ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದ. ಸದ್ದೇ ಬರಲಿಲ್ಲ, ಕಾಗದದ ಬಿಗಿ ಹೋಗಿತ್ತು. ಏನೂ ಹೇಳದೆ ವಾಪಸು ಕೊಟ್ಟ. ಅಷ್ಟು ವರ್ಷ ಬದುಕಿದ್ದ ನೋಟನ್ನು ಅರ್ಧ ಗಂಟೆಯಲ್ಲಿ ಹಾಳು ಮಾಡಿದ ಸಂಕಟ ನನಗೆ ಇಂದಿಗೂ ಇದೆ. ನೀವು ಒರೆಸಲೂ ಬೇಡಿ, ಟೇಪ್ ಹಚ್ಚಲೂ ಬೇಡಿ, ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಲೂ ಬೇಡಿ.

ದರಕ್ಕೆ ಅಂತರ್ಜಾಲದಲ್ಲಿ ಮಾರಾಟಗಾರರು ಹಾಕಿಕೊಂಡ ಅಂಕಿಯನ್ನು ನೋಡಬೇಡಿ. ಬೆಂಗಳೂರು, ಮುಂಬೈಗಳ ಹರಾಜು ಸಂಸ್ಥೆಗಳು ಪ್ರಕಟಿಸುವ, ನಿಜವಾಗಿ ಮಾರಾಟವಾದ ಬೆಲೆಗಳಲ್ಲಿ ಅದೇ ಸಹಿ, ಅದೇ ಸ್ಥಿತಿಯ ನೋಟನ್ನು ಹುಡುಕಿ. ವ್ಯಾಪಾರಿ ಅದಕ್ಕಿಂತ ಕಡಿಮೆ ಬೆಲೆಗೆ ಕೇಳುತ್ತಾನೆ, ಅದು ನ್ಯಾಯವೇ. ಆದರೆ ಇಬ್ಬರು ಮೂವರಿಗೆ ತೋರಿಸದೆ ಕೊಡಬೇಡಿ. ಬೆಂಗಳೂರಿಗೆ ಬಂದರೆ ಬ್ರಂಟನ್ ರಸ್ತೆಯಲ್ಲಿರುವ ರಿಜ್ವಾನ್ ರಜಾಕ್ ಅವರ ಕಾಗದದ ಹಣದ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ, ಕಣ್ಣು ಪಳಗುತ್ತದೆ.

ಒಂದು ಮಾತು ಕೇಳಬೇಕಿತ್ತು. ಅಜ್ಜನ ಅಂಗಡಿ 1948ಕ್ಕಿಂತ ಹಿಂದಿನದೇ? ಆಗ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು, ಅಲ್ಲಿಗೆ ಬೇರೆಯೇ ನೋಟುಗಳಿದ್ದವು. ಉರ್ದುವಿನ ಜೊತೆ ಕನ್ನಡದಲ್ಲೂ ಮೌಲ್ಯ ಬರೆದಿರುವ ಆ ನೋಟುಗಳಿಗೆ ಒಳ್ಳೆಯ ಬೇಡಿಕೆ ಇದೆ. ಟ್ರಂಕಿನ ತಳಕ್ಕೆ ಹಾಸಿದ ಕಾಗದದ ಕೆಳಗೆ, ಹಳೆಯ ಲೆಕ್ಕದ ಪುಸ್ತಕಗಳ ಹಾಳೆಗಳ ನಡುವೆ ಇನ್ನೊಮ್ಮೆ ಹುಡುಕಿ ನೋಡಿ.