ಶಾಯಿಯ ಪ್ರಯೋಗವನ್ನು ಮೊದಲ ಪುಟಕ್ಕೆ ತನ್ನಿ

ನಮಸ್ಕಾರ.

ಹೈಡ್ರೊಸೆಫಾಲಸ್‌ಗೆ, ಅಂದರೆ ಮೆದುಳಿನಲ್ಲಿ ದ್ರವ ತುಂಬಿಕೊಳ್ಳುವ ಕಾಯಿಲೆಗೆ, ಹಾಕುವ ಕ್ಯಾತಿಟರ್ ಕೊಳವೆಗಳಲ್ಲಿ ದ್ರವ ಹೇಗೆ ಹರಿಯುತ್ತದೆ ಎಂದು ಲ್ಯಾಬಿನಲ್ಲಿ ಪರೀಕ್ಷಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಮಗುವಿಗೆ ಶಂಟ್ (ಆ ದ್ರವವನ್ನು ಬೇರೆಡೆಗೆ ಹರಿಸುವ ಕೊಳವೆ) ಹಾಕಿಸಿದ ಅಪ್ಪ ಅಮ್ಮಂದಿರು ಇಂಥದ್ದನ್ನು ಕನ್ನಡದಲ್ಲಿ ಹುಡುಕುತ್ತಿರುತ್ತಾರೆ.

ಮೊದಲ ಎರಡು ಪುಟ ಬರೀ ಮೆದುಳಿನ ಗುಣಗಾನ. ತೆಗೆದುಬಿಡಿ. ಮೆದುಳಿನಲ್ಲಿ ದಿನಕ್ಕೆ ಸುಮಾರು 500 ಮಿ.ಲೀ. ದ್ರವ ಹುಟ್ಟುತ್ತದೆ, ಅದು ಹೋಗುವ ದಾರಿ ಮುಚ್ಚಿದರೆ ಸಿಲಿಕೋನ್ ಕೊಳವೆ ಇಟ್ಟು ಹೊಟ್ಟೆಗೆ ಹರಿಸುತ್ತಾರೆ, ಕೊಳವೆಯೇ ಕಟ್ಟಿಕೊಂಡರೆ ಮತ್ತೆ ಆಪರೇಷನ್. ಇಷ್ಟು ಹೇಳಿದರೆ ಸಾಕು.

ನಿಮ್ಮ ನಿಜವಾದ ವಿಷಯ ಐದನೇ ಪುಟದಲ್ಲಿದೆ. ಮೆದುಳಿನೊಳಗೆ ಇರುವ ಕೊಳವೆಯ ತುದಿಯ ಹತ್ತಿರ ಸಾಲಾಗಿ ತೂತುಗಳಿರುತ್ತವೆ. ಎಲ್ಲ ತೂತುಗಳೂ ಸಮನಾಗಿ ಎಳೆದುಕೊಳ್ಳುತ್ತವೆ ಅಂತಲೇ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? 2003ರಲ್ಲಿ ಸಂಶೋಧಕ ಲಿನ್ ಮತ್ತು ಸಂಗಡಿಗರು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರು, ಶಾಯಿ ಬಿಟ್ಟು ಹರಿವನ್ನೂ ನೋಡಿದರು. ತುದಿಯಿಂದ ಅತಿ ದೂರದ ತೂತುಗಳಲ್ಲೇ ಅರ್ಧಕ್ಕಿಂತ ಜಾಸ್ತಿ ದ್ರವ ಒಳಬರುತ್ತಿತ್ತು. ಹೊಲದ ಡ್ರಿಪ್ ಪೈಪಿನಲ್ಲಿ ಟ್ಯಾಂಕಿನ ಹತ್ತಿರದ ತೂತಿಗೆ ನೀರು ಜಾಸ್ತಿ ಸಿಗುತ್ತದಲ್ಲ, ಹಾಗೆ. ತೂತುಗಳ ಅಳತೆಯನ್ನು ಬೇರೆಬೇರೆ ಮಾಡಿದರೆ ಹರಿವು ಸಮನಾಗುತ್ತದೆ ಎಂದೂ ಅವರು ತೋರಿಸಿದರು. ಲೇಖನ ಇಲ್ಲಿಂದಲೇ ಶುರುವಾಗಲಿ. ಶಾಯಿ ಎಲ್ಲಿ ನುಗ್ಗಿತು, ಎಲ್ಲಿ ಸುಮ್ನೆ ನಿಂತಿತು ಎಂದು ಓದುಗರ ಕಣ್ಣಿಗೆ ಕಟ್ಟುವಂತೆ ಬರೆಯಿರಿ.

ಎರಡು ತಪ್ಪುಗಳನ್ನು ಮಾತ್ರ ಬಿಡಲಾರೆ. ಕೊಳವೆಯ ಒಳವ್ಯಾಸ ಅರ್ಧವಾದರೆ ಹರಿವೂ ಅರ್ಧವಾಗುತ್ತದೆ ಎಂದಿದ್ದೀರಿ. ಅಲ್ಲ. ಒತ್ತಡ ಅಷ್ಟೇ ಇದ್ದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೊಳವೆಯೊಳಗೆ ಏನಾದರೂ ಸ್ವಲ್ಪವೇ ಕೂತರೂ ಮಗುವಿಗೆ ಏಕೆ ತೊಂದರೆ ಎನ್ನುವುದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ದೊಡ್ಡ ತಪ್ಪು. 'ಇನ್ನು ಶಂಟ್ ಕಟ್ಟಿಕೊಳ್ಳುವುದಿಲ್ಲ' ಎಂದು ಬರೆದಿದ್ದೀರಿ. ಲ್ಯಾಬಿನ ಶುದ್ಧ ನೀರಿನಲ್ಲಿ ರಕ್ತವಿಲ್ಲ, ಜೀವಕೋಶವಿಲ್ಲ, ತೂತಿಗೆ ಬಂದು ಅಂಟುವ ಅಂಗಾಂಶವಿಲ್ಲ. ನಂಬಿ ಓದುವ ತಾಯಿಗೆ ಇಂಥ ಭರವಸೆ ಕೊಡಬಾರದು. ಶಂಟಿನ ನಿಜವಾದ ಪರೀಕ್ಷೆ ಮಕ್ಕಳಲ್ಲೇ ಆಗಬೇಕು: ಉಗಾಂಡಾದಲ್ಲಿ ಮೆದುಳಿನ ಶಸ್ತ್ರಚಿಕಿತ್ಸಕ ಬೆಂಜಮಿನ್ ವಾರ್ಫ್ ನಮ್ಮ ದೇಶದ ಅಗ್ಗದ ಛಾಬ್ರಾ ಶಂಟನ್ನು ದುಬಾರಿ ಶಂಟಿನ ಜೊತೆ ಮಕ್ಕಳಲ್ಲೇ ಹೋಲಿಸಿ ನೋಡಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಅದನ್ನೂ ಸೇರಿಸಿ. ಮೂರು ಪುಟಕ್ಕೆ ಇಳಿಸಿ ಕಳಿಸಿದರೆ ನಾನೇ ಕೂತು ಓದುತ್ತೇನೆ.